ಕಾವೇರಿಯಲ್ಲಿ ಗಾಳ ಹಾಕಲು ಈಗ ಎಲ್ಲಿ ಬಿಡುತ್ತಾರೆ? ಅನುಭವ ಇದ್ದವರು ಹೇಳಿ

ನದಿದಂಡೆ: ಅಪ್ಪ ಮೊನ್ನೆ ರಿಟೈರ್ ಆದರು. ಬಿಳಿ ಮೀನು, ಅದೇ ಮಹಶೀರ್, ಹಿಡಿದು ವಾಪಸ್ ಬಿಡಬೇಕು ಅನ್ನೋದು ಅವರ ಆಸೆ. ಬಜೆಟ್ 15 ಸಾವಿರ. ಮಂಡಿ ನೋವಿದೆ, ಬಂಡೆ ಹತ್ತಲು ಆಗುವುದಿಲ್ಲ. ಬೆಂಗಳೂರಿನಿಂದ ಎಲ್ಲಿಗೆ ಹೋಗಬಹುದು?

ಮಳವಳ್ಳಿ ಗೌಡ: ಹೊಟ್ಟೆ ಉರಿಸಬೇಡಿ ಸಾರ್. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ, ಮೂರೂ ಕ್ಯಾಂಪಿನಲ್ಲಿ ಗಾಳ ನಿಂತು ಹತ್ತು ವರ್ಷದ ಮೇಲಾಯಿತು. ಮೂರೂ ಇರೋದು ಅಭಯಾರಣ್ಯದೊಳಗೆ, ಅಲ್ಲಿ ಗಾಳ ಹಾಕಿದರೂ ಬೇಟೆಯೇ ಅಂತೆ. ಸರಿಯಾಗಿ ಆಗಲೇ ನಾನು ಹೊಸ ಸಾಮಾನು ಕೊಂಡಿದ್ದೆ. ರಾಡ್ 14,500, ರೀಲ್ 11,200, ಹೆಣೆದ ಲೈನ್ 3,800, ಕೊಕ್ಕೆ ಸ್ವಿವೆಲ್ ಎಲ್ಲ ಸೇರಿ 2,150. ರಾಡ್ ಇಡಲು ಪಿವಿಸಿ ಪೈಪು ಬೇರೆ, 340. ಎಲ್ಲ ಅಟ್ಟದ ಮೇಲಿದೆ. ಆಗಾಗ ಇಳಿಸಿ ರೀಲಿಗೆ ಎಣ್ಣೆ ಬಿಡುತ್ತೇನೆ, ಹಿಡಿ ತಿರುಗಿಸಿ ಕಿರ್ರ್ ಸದ್ದು ಕೇಳಿ ಮತ್ತೆ ಮೇಲಿಡುತ್ತೇನೆ. ಮಾರಿಬಿಡಿ ಅನ್ನುತ್ತಾಳೆ ಹೆಂಡತಿ. ಮಾರಲ್ಲ. ಕ್ಯಾಂಪ್ ಇದ್ದಾಗ, ಹಿಂದೆ ಹೊಳೆಗೆ ತೋಟೆ ಸಿಡಿಸಿ ಮೀನು ಕೊಲ್ಲುತ್ತಿದ್ದ ಹುಡುಗರೇ ಗೈಡ್ ಆಗಿ ಹೊಳೆ ಕಾಯುತ್ತಿದ್ದರು. ಈಗ ಯಾರು ಕಾಯುತ್ತಾರೆ?

ವೈಟ್‌ಫೀಲ್ಡ್ ವಾಸಿ: ಕೊಡಗಿನ ವಾಲ್ನೂರು ಇದೆಯಲ್ಲ. ಅಲ್ಲಿನ ವನ್ಯಜೀವಿ ಸಂಘದ ಪರವಾನಗಿ ತಗೊಂಡು ಹೋಗಿದ್ದೆ. ರಾಡ್ ಮೊದಲೇ ಕೊರಿಯರ್ ಮಾಡಿದ್ದೆ, ತುದಿ ಮುರಿದು ಬಂತು. ಕೊರಿಯರ್‌ನವರನ್ನು ಕೇಳಿದರೆ "ಬಿದಿರಾ ಸಾರ್?" ಅಂದರು. ಇನ್ಶೂರೆನ್ಸ್ ಅಂತ 200 ಕಿತ್ತಿದ್ದರು, ಒಂದು ಪೈಸೆ ಬರಲಿಲ್ಲ. ಹೊಸ ತುದಿಗೆ 1,900, ಹೋಂಸ್ಟೇಗೆ 4,400. ಕೊನೆಗೆ ಮೀನು ಕಚ್ಚಿ ಬಂಡೆ ಸಂದಿಗೆ ಎಳೆಯಿತು. ಲೈನ್ ಉಜ್ಜಿ ತುಂಡಾಗಿ 650ರ ಲ್ಯೂರೂ, ಅದೇ ಕೊಕ್ಕೆ ಇರೋ ಪ್ಲಾಸ್ಟಿಕ್ ಮೀನು, ಹೋಯಿತು.

ಹೊಳೆಬದಿ ಹುಡುಗಿ: ಲ್ಯೂರ್ ಬಾಯಲ್ಲಿಟ್ಟುಕೊಂಡು ಹೋದ ಮೀನಿನ ಗತಿ ಯಾರಿಗೂ ಬೇಡ, 650 ಮುಖ್ಯ! ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿಯುತ್ತಿರುವ ಜೀವಿಗಳ ಐಯುಸಿಎನ್ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ಅಂಚಿನಲ್ಲಿದೆ. ಹೊರಗಿನಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ತಂದು ಇದೇ ಹೊಳೆಗೆ ಬಿಟ್ಟರು. ಯಾರ ಖುಷಿಗೆ? ಗಾಳದವರ ಖುಷಿಗೇ. ಮೀನು ನೋಡಬೇಕಾದರೆ ದಕ್ಷಿಣ ಕನ್ನಡದ ಶಿಶಿಲದ ದೇವಸ್ಥಾನಕ್ಕೆ ಹೋಗಿ. ನಾನು ಅಜ್ಜಿಯನ್ನು ಕರಕೊಂಡು ಹೋಗಿದ್ದೆ. ಮೆಟ್ಟಿಲ ಹತ್ತಿರವೇ ಬಂದು ಬಾಯಿ ಬಿಡುತ್ತವೆ.

ಮಳವಳ್ಳಿ ಗೌಡ: ತಂಗಿ, ಡುಬ್ಬದ ಮೀನು ಕಮ್ಮಿಯಾಗಿದೆ ಅಂತ ಗೊತ್ತಾಗಿದ್ದೇ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕದಿಂದ.

ಹೊಳೆಬದಿ ಹುಡುಗಿ: ನಾನು ನಿಮ್ಮ ತಂಗಿ ಅಲ್ಲ. ಲೆಕ್ಕ ಇಳಿಯುತ್ತಾ ಬಂದಾಗ ಗಾಳ ಕೆಳಗಿಟ್ಟರಾ?

ಕುಂದಾಪ್ರದವ: ಜಗಳ ಬಿಡಿ ಮಾರಾಯ್ರೆ, ಸಮುದ್ರಕ್ಕೆ ಬನ್ನಿ. ಅಳಿವೆಯಲ್ಲಿ ಜೀವಂತ ಚಟ್ಲಿ, ಅಂದರೆ ಸಿಗಡಿ, ಸಿಕ್ಕಿಸಿ ಕೆಂಬೇರಿ ಮೀನು ಹಿಡಿಯುತ್ತೇನೆ, ಮನೆಗೆ ತಂದು ಸಾರು ಮಾಡುತ್ತೇವೆ. ಹಿಡಿದು ಬಿಡೋದು ಅಂದರೆ ಎಲೆ ಹಾಕಿ ಊಟ ಬಡಿಸದ ಹಾಗೆ. ಅದಕ್ಕೂ ಗಾಳಕ್ಕೆ ಸಿಕ್ಕಿಸೋ ರಾಗಿಮುದ್ದೆ ಖರ್ಚು ಬೇರೆ!

ಮಳವಳ್ಳಿ ಗೌಡ: ಮುದ್ದೆ ತಂಟೆಗೆ ಬರಬೇಡಿ. ಕಿತ್ತಳೆ ಗಾತ್ರಕ್ಕೆ ಕಟ್ಟಿ, ಮೇಲೆ ಗಟ್ಟಿಯಾಗುವ ತನಕ ಬೇಯಿಸಬೇಕು. ಇಲ್ಲದಿದ್ದರೆ ಚಿಲ್ಲರೆ ಮೀನುಗಳೇ ತಿಂದು ಮುಗಿಸುತ್ತವೆ. ಸೋಂಪು ಹಾಕಲೇಬೇಕು.

ವೈಟ್‌ಫೀಲ್ಡ್ ವಾಸಿ: ಸೋಂಪೆಲ್ಲ ಸುಮ್ನೆ. ಲ್ಯೂರಿಗೆ ಬರುವಷ್ಟು ಮೀನು ಮುದ್ದೆಗೆ ಬರಲ್ಲ.

ಮಳವಳ್ಳಿ ಗೌಡ: 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದರಲ್ಲ, ಅಂಥ ಮೀನು ನಿಮ್ಮ ಪ್ಲಾಸ್ಟಿಕ್ಕನ್ನು ಮೂಸಿಯೂ ನೋಡಲ್ಲ.

ಹೊಳೆಬದಿ ಹುಡುಗಿ: ವ್ಯಾನ್ ಇಂಗೆನ್ ಮನೆತನದ ಕಸುಬು ಸತ್ತ ಹುಲಿಯ ಚರ್ಮದೊಳಗೆ ತುಂಬಿಸಿ ನಿಲ್ಲಿಸೋದು. ಹಿಡಿದು ಬಿಡುವವರಿಗೆ ಒಳ್ಳೆ ಗುರು ಸಿಕ್ಕಿದ್ದಾರೆ ಬಿಡಿ.