ಆಟದೊಳಗಿನ ಗನ್ನಿಗೆ ಐದನೆಯ ಹಸ್ತಾಕ್ಷರ ಸ್ಟಿಕ್ಕರ್ ಅಂಟುತ್ತಿಲ್ಲ (ಕೌಂಟರ್-ಸ್ಟ್ರೈಕ್ 2 ಕಂಪ್ಯೂಟರ್ ಆಟ)

ನಾವಿ_ಐವರು:
ಎರಡು ದಿನಗಳಿಂದ ಇದೇ ತಲೆನೋವು. ಈ ಆಟದ ದೊಡ್ಡ ಪಂದ್ಯಾವಳಿಯಾದ ಮೇಜರ್ ಅನ್ನು 2021ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದು ಮ್ಯಾಪನ್ನೂ (ಪಂದ್ಯದ ಒಂದು ಸುತ್ತಾಟದ ಅಖಾಡ) ಸೋಲದೆ ಗೆದ್ದ ನಾವಿ ತಂಡದ ಐವರ ಹಸ್ತಾಕ್ಷರ ಸ್ಟಿಕ್ಕರ್‌ಗಳನ್ನೂ ಆಟದಲ್ಲಿನ ನನ್ನ ಎಕೆ-47 ರೆಡ್‌ಲೈನ್ ಗನ್ನಿನ ಮೇಲೆ ಒಟ್ಟಿಗೆ ಕೂರಿಸಬೇಕೆಂದು ವರ್ಷದಿಂದ ಒಂದೊಂದಾಗಿ ಕೂಡಿಸುತ್ತಿದ್ದೇನೆ. ಬೂಂಬ್ಲಾ, ಎಲೆಕ್ಟ್ರಾನಿಕ್, ಪರ್ಫೆಕ್ಟೊ, ಬಿಟ್ ಈ ನಾಲ್ವರೂ ಸಲೀಸಾಗಿ ಕೂತರು. ಐದನೆಯವರಾದ ಸಿಂಪಲ್ ಅವರ ಹೋಲೋ (ಬಣ್ಣ ಮಿನುಗುವ ಸ್ಟಿಕ್ಕರ್) ಮಾತ್ರ ಅಂಟಿಸಲು ಬಿಡುತ್ತಿಲ್ಲ. ದಯವಿಟ್ಟು ಪರಿಹಾರ ತಿಳಿಸಿ.

ಮಿರಾಜ್_ವಾಸಿ:
ಎಕೆಯಲ್ಲಿ ಇರುವುದೇ ನಾಲ್ಕು ಜಾಗ. ಒಂದನ್ನು ಕೆರೆದು ತೆಗೆಯಿರಿ, ಐದನೆಯದು ಕೂರುತ್ತದೆ.

ಕೊಲೋನ್_15:
ದಯವಿಟ್ಟು ಕೆರೆಯಬೇಡಿ. ಪೂರ್ತಿ ಕೆರೆದ ಸ್ಟಿಕ್ಕರ್ ಇನ್ವೆಂಟರಿಗೆ (ಆಟದಲ್ಲಿ ನಮ್ಮ ವಸ್ತುಗಳಿರುವ ಕಡೆ) ಮರಳುವುದಿಲ್ಲ, ಶಾಶ್ವತವಾಗಿ ಹೋಗುತ್ತದೆ. ನಾಲ್ಕು ಜಾಗದ ಲೆಕ್ಕ 2024ರ ಫೆಬ್ರವರಿಗೆ ಮುಗಿಯಿತು. ಈಗ ಒಂದು ಗನ್ನಿನ ಮೇಲೆ ಐದು ಸ್ಟಿಕ್ಕರ್‌ಗಳನ್ನು ಬೇಕಾದ ಕಡೆ ಸರಿಸಿ, ತಿರುಗಿಸಿ ಅಂಟಿಸಬಹುದು.

ಮಿರಾಜ್_ವಾಸಿ:
ಹಾಗಿದ್ದರೆ ಆಟದ ಫೈಲ್‌ಗಳೇ ಕೆಟ್ಟಿರಬೇಕು, ಸರಿಯಿವೆಯೇ ಎಂದು ವೆರಿಫೈ ಮಾಡಿ. ನಾನು 2014ರ ಕಾಟೊವಿಟ್ಸೆ ಮೇಜರ್‌ನಿಂದಲೂ ಹಸ್ತಾಕ್ಷರಗಳನ್ನು ಕೂಡಿಡುತ್ತಿರುವವನು, ಇಂಥದ್ದನ್ನು ಬಹಳ ನೋಡಿದ್ದೇನೆ.

ಕೊಲೋನ್_15:
2014ರ ಕಾಟೊವಿಟ್ಸೆಯಲ್ಲಿ ಬಂದದ್ದು ತಂಡಗಳ ಸ್ಟಿಕ್ಕರ್‌ಗಳು. ಆಟಗಾರರ ಹಸ್ತಾಕ್ಷರ ಮೊದಲು ಬಂದದ್ದು 2015ರ ಕೊಲೋನ್ ಮೇಜರ್‌ನಲ್ಲಿ, ಮಾರಾಟದ ಅರ್ಧ ಪಾಲು ಆಟಗಾರರಿಗೂ ತಂಡಗಳಿಗೂ ಹೋಗುವ ಏರ್ಪಾಡಿನೊಂದಿಗೆ. ಹೊಸಬರು ಹಣ ಕೊಟ್ಟು ಕೊಳ್ಳುವ ವಸ್ತುಗಳಿವು, ಇಸವಿ ತಪ್ಪಬಾರದು.

ಮಿರಾಜ್_ವಾಸಿ:
ಇಸವಿ ಒಪ್ಪಿದೆ. ಆದರೂ ಮೊದಲು ವೆರಿಫೈ ಆಗಲಿ.

ನಾವಿ_ಐವರು:
ಎರಡು ಸಲ ವೆರಿಫೈ ಮಾಡಿದೆ, ಬೇರೆ ಕಂಪ್ಯೂಟರಿನಲ್ಲೂ ನೋಡಿದೆ. ಏನೂ ಬದಲಾಗಿಲ್ಲ.

ಹೋಲೋ_ಸಂಗ್ರಹ:
ಆ ಸ್ಟಿಕ್ಕರ್ ನಿಮ್ಮ ಕೈಗೆ ಬಂದದ್ದು ಹೇಗೆ?

ನಾವಿ_ಐವರು:
ನಾಲ್ಕನ್ನು ಸ್ಟೀಮ್ ಮಾರ್ಕೆಟ್‌ನಲ್ಲಿ (ಆಟದ ವಸ್ತುಗಳನ್ನು ಹಣಕ್ಕೆ ಮಾರುವ ಕೊಳ್ಳುವ ಆನ್‌ಲೈನ್ ತಾಣ) ಕೊಂಡೆ. ಸಿಂಪಲ್ ಅವರದನ್ನು ನನ್ನ ಚಿಕ್ಕಪ್ಪನ ಮಗ ಗುರುವಾರ ಟ್ರೇಡ್‌ನಲ್ಲಿ (ಆಟಗಾರರ ನಡುವಿನ ನೇರ ವಸ್ತು ವಿನಿಮಯ) ಕೊಟ್ಟ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹೋಲೋ_ಸಂಗ್ರಹ:
ಕಾರಣ ಅದೇ. 2025ರ ಜುಲೈನಿಂದ ಟ್ರೇಡ್‌ನಲ್ಲಿ ಬಂದ ವಸ್ತುವಿಗೆ ಏಳು ದಿನ ರಕ್ಷಣೆ ಇರುತ್ತದೆ; ಅಕೌಂಟ್ ಕದ್ದವರು ವಸ್ತುಗಳನ್ನು ಸಾಗಿಸಿಬಿಟ್ಟರೆ ಮೂಲ ಒಡೆಯರು ಆ ಟ್ರೇಡ್ ಅನ್ನು ಹಿಂತೆಗೆದುಕೊಳ್ಳಲು ಸಾಧ್ಯವಾಗಲೆಂದು, ಅಷ್ಟು ದಿನ ಅದನ್ನು ಬೇರೆಯವರಿಗೆ ಕೊಡಲಾಗದು, ಬದಲಿಸಲಾಗದು, ಬಳಸಿ ಮುಗಿಸಲೂ ಆಗದು. ಟ್ರೇಡ್‌ನಲ್ಲಿ ಬಂದ ಗನ್ನನ್ನು ಹಿಡಿದು ಆಡಬಹುದು, ಆದರೆ ಸ್ಟಿಕ್ಕರ್ ಅಂಟಿಸಿದರೆ ಅದು ಖರ್ಚಾದಂತೆಯೇ ಲೆಕ್ಕ. ಮಾರ್ಕೆಟ್‌ನಲ್ಲಿ ಕೊಂಡದ್ದನ್ನು ಏಳು ದಿನ ಟ್ರೇಡ್ ಮಾಡುವಂತಿಲ್ಲ, ಅಂಟಿಸಲು ಮಾತ್ರ ಅಡ್ಡಿಯಿಲ್ಲ. ನಿಮ್ಮ ನಾಲ್ಕು ಕೂತದ್ದು ಅದಕ್ಕೇ. ಇನ್ವೆಂಟರಿಯಲ್ಲಿ ಆ ಸ್ಟಿಕ್ಕರಿನ ವಿವರ ತೆರೆದರೆ ಬಿಡುಗಡೆಯ ದಿನಾಂಕ ಕಾಣುತ್ತದೆ. ಅಲ್ಲಿಯವರೆಗೆ ನಿಮ್ಮ ಸಹೋದರ ತಮ್ಮ ಯಾವ ಟ್ರೇಡನ್ನೂ ಹಿಂತೆಗೆಯದಿರಲಿ, ಏಕೆಂದರೆ ಹಾಗೆ ಮಾಡಿದರೆ ಆ ವಾರದ ಟ್ರೇಡ್‌ಗಳೆಲ್ಲ ಒಟ್ಟಿಗೆ ಹಿಂದಕ್ಕೆ ಹೋಗುತ್ತವೆ.

ನಾವಿ_ಐವರು:
ದಿನಾಂಕ ಇದೆ, ಬರುವ ಗುರುವಾರ. ಅವನಿಗೂ ಫೋನ್ ಮಾಡಿ ಹೇಳಿದೆ. ತುಂಬಾ ಧನ್ಯವಾದಗಳು. ಮ್ಯಾಗಜಿನ್ ಮೇಲ್ಗಡೆಯ ಕಪ್ಪು ಭಾಗವನ್ನು ಸಿಂಪಲ್ ಅವರಿಗೆಂದೇ ಖಾಲಿ ಬಿಟ್ಟಿದ್ದೇನೆ.

ಕೊಲೋನ್_15:
ಅಂಟಿಸುವ ಮುನ್ನ ಗನ್ನನ್ನು ನಿಧಾನವಾಗಿ ಹೊರಳಿಸಿ ನೋಡಿ. ಹೋಲೋದ ಬಣ್ಣ ಬೆಳಕಿನ ಕೋನಕ್ಕೆ ತಕ್ಕಂತೆ ಮಾರ್ಪಡುತ್ತದೆ, ಅಕ್ಷರವನ್ನು ಸ್ವಲ್ಪ ಓರೆಯಾಗಿಸಿದರೂ ನೋಟ ಬೇರೆಯಾಗುತ್ತದೆ. ಗುರುವಾರ ಚಿತ್ರ ಹಾಕಿ.