ಫ್ರೀಬಿಎಸ್‌ಡಿ ಸ್ಥಾಪನೆ ಮುಗಿದಿದೆ. ನಿರ್ವಹಣೆಯನ್ನು ಯಾವ ಕ್ರಮದಲ್ಲಿ ಕಲಿಯಬೇಕು?

ಶೋಧಕ:

ಹಲವು ವರ್ಷಗಳಿಂದ ದಿನನಿತ್ಯದ ಕೆಲಸಕ್ಕೆ ಲಿನಕ್ಸ್ ಬಳಸುತ್ತಿದ್ದೇನೆ. ಆದರೆ ಅದರ ಒಳಗೆ ಏನು ನಡೆಯುತ್ತದೆಂದು ತಿಳಿಯುವ ಅಗತ್ಯ ನನಗೆ ಬಂದಿರಲಿಲ್ಲ. ಈಗ ಯುನಿಕ್ಸ್ ಮಾದರಿಯ ವ್ಯವಸ್ಥೆಯೊಂದನ್ನು ಬುಡದಿಂದ ಅರಿತು, ಸಣ್ಣದೊಂದು ಸರ್ವರನ್ನು ಯಾರ ನೆರವೂ ಇಲ್ಲದೆ ನಡೆಸುವಷ್ಟು ಕಲಿಯಬೇಕೆಂಬ ಉದ್ದೇಶದಿಂದ ಫ್ರೀಬಿಎಸ್‌ಡಿಯನ್ನು ಆರಿಸಿಕೊಂಡು, ವರ್ಚುವಲ್ ಮಷೀನ್ ಒಂದರಲ್ಲಿ ಸ್ಥಾಪಿಸಿದ್ದೇನೆ. ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದಂತೆ ಸ್ಥಾಪನೆ ಸಲೀಸಾಗಿ ಮುಗಿಯಿತು. ಮರುಚಾಲನೆಯ ಬಳಿಕ ಕಂಡದ್ದು ಲಾಗಿನ್ ಹೆಸರನ್ನು ಕೇಳುವ ಕಪ್ಪು ಪರದೆ ಮಾತ್ರ.

ಇಲ್ಲಿಂದ ಮುಂದೆ ಏನನ್ನು ಮೊದಲು ಕಲಿಯಬೇಕು, ಏನನ್ನು ಆಮೇಲಕ್ಕೆ ಬಿಡಬಹುದು ಎಂಬುದು ನನಗೆ ತೋಚುತ್ತಿಲ್ಲ. ಅಧಿಕೃತ ಕೈಪಿಡಿ ಬಹಳ ದೊಡ್ಡದು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೇ? ಸ್ಥಾಪನೆಯ ವೇಳೆ ಯುಎಫ್‌ಎಸ್ ಮತ್ತು ಝಡ್‌ಎಫ್‌ಎಸ್ ಎಂಬ ಎರಡು ಕಡತ ವ್ಯವಸ್ಥೆಗಳ ನಡುವೆ ಆಯ್ಕೆ ಕೇಳಿದಾಗ ಹೆಚ್ಚು ಯೋಚಿಸದೆ ಎರಡನೆಯದನ್ನು ಆರಿಸಿದ್ದೇನೆ. ಹೊಸಬರಿಗೆ ಅದು ಸರಿಯಾದ ಆಯ್ಕೆಯೇ? ಕಲಿಕೆಗೆ ವರ್ಚುವಲ್ ಮಷೀನ್ ಸಾಕೇ, ನಿಜವಾದ ಯಂತ್ರವೇ ಬೇಕೇ ಎಂಬುದನ್ನೂ ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಮೂಲಪಾಠ:

ಕಪ್ಪು ಪರದೆಯ ಮುಂದೆ ಬಂದು ನಿಂತಿದ್ದೀರಿ ಎಂದರೆ ಸ್ಥಾಪನೆ ಸರಿಯಾಗಿಯೇ ಆಗಿದೆ. ಕರ್ನಲ್ (ವ್ಯವಸ್ಥೆಯ ತಿರುಳು), ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಕಾರ್ಯಕ್ರಮ), ಕಂಪೈಲರ್, ನೆಟ್‌ವರ್ಕ್ ಉಪಕರಣಗಳು, ಕೈಪಿಡಿ ಪುಟಗಳು ಎಲ್ಲವನ್ನೂ ಒಂದೇ ತಂಡ ಒಂದೇ ಆಕರ ಸಂಗ್ರಹದಲ್ಲಿ ನಿರ್ವಹಿಸಿ, ಒಟ್ಟಾಗಿ ಬಿಡುಗಡೆ ಮಾಡುವ ‘ಮೂಲ ವ್ಯವಸ್ಥೆ’ ಈಗ ನಿಮ್ಮ ಡಿಸ್ಕ್‌ನಲ್ಲಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಬಿಎಸ್‌ಡಿ ಪರಂಪರೆಯಿಂದ ಈ ಪದ್ಧತಿ ಬಂದಿದೆ. 1993ರಲ್ಲಿ ಹೊರಬಂದ ಫ್ರೀಬಿಎಸ್‌ಡಿ 1.0ರಿಂದ ಇಂದಿನವರೆಗೂ ಅದು ಬದಲಾಗಿಲ್ಲ. ಲಿನಕ್ಸ್ ಎನ್ನುವುದು ಕರ್ನಲ್ ಮಾತ್ರ. ಉಳಿದ ಭಾಗಗಳನ್ನು ಬೇರೆ ಬೇರೆ ಕಡೆಗಳಿಂದ ತಂದು ಜೋಡಿಸುವ ಕೆಲಸ ಆಯಾ ವಿತರಣೆಯವರದು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಮುಂದಿನ ಕಲಿಕೆಯ ಅರ್ಧದಷ್ಟು ಗೊಂದಲ ತಾನಾಗಿಯೇ ಕರಗುತ್ತದೆ.

ಏಕೆಂದರೆ ಕಡತಗಳ ಜಾಗವೂ ಇದೇ ವಿಭಜನೆಯನ್ನು ಅನುಸರಿಸುತ್ತದೆ. ಮೂಲ ವ್ಯವಸ್ಥೆಯ ಸಂರಚನೆ ‘/ಇಟಿಸಿ’ಯಲ್ಲಿ ಇರುತ್ತದೆ, ‘ಪಿಕೆಜಿ’ ಎಂಬ ಪ್ಯಾಕೇಜ್ ಆಜ್ಞೆಯ ಮೂಲಕ ನೀವು ಹೊರಗಿನಿಂದ ತಂದ ವೆಬ್ ಸರ್ವರ್, ಡೇಟಾಬೇಸ್, ಸಂಪಾದಕ ಇತ್ಯಾದಿಗಳೆಲ್ಲ ‘/ಯುಎಸ್‌ಆರ್/ಲೋಕಲ್’ ಒಳಗೆ ಇಳಿಯುತ್ತವೆ, ಅವುಗಳ ಸಂರಚನೆ ‘/ಯುಎಸ್‌ಆರ್/ಲೋಕಲ್/ಇಟಿಸಿ’ಯಲ್ಲಿ ಇರುತ್ತದೆ. ಎಂಜಿನ್ಎಕ್ಸ್ ಎಂಬ ವೆಬ್ ಸರ್ವರಿನ ಸಂರಚನಾ ಕಡತವನ್ನು ‘/ಇಟಿಸಿ’ಯಲ್ಲಿ ಹುಡುಕಿ ಕಾಣದೆ ದಿಕ್ಕೆಡುವ ಹೊಸಬರು ಬಹಳ ಮಂದಿ. ಮೊದಲ ದಿನ ‘ಮ್ಯಾನ್ ಹೈಯರ್’ ಎಂದು ಟೈಪಿಸಿ, ಯಾವ ಡೈರೆಕ್ಟರಿ ಯಾವುದಕ್ಕೆ ಮೀಸಲು ಎಂದು ಹೇಳುವ ಆ ಪುಟವನ್ನು ಪೂರ್ತಿ ಓದಿ. ಅದರ ಬೆನ್ನಿಗೇ ‘/ಇಟಿಸಿ/ಡೀಫಾಲ್ಟ್ಸ್/ಆರ್‌ಸಿ.ಕಾನ್ಫ್’ ಕಡತವನ್ನು ತೆರೆದು ನೋಡಿ. ವ್ಯವಸ್ಥೆ ಬೂಟ್ ಆಗುವಾಗ ಏನೇನನ್ನು ಪ್ರಾರಂಭಿಸಬಹುದು, ಪ್ರತಿಯೊಂದಕ್ಕೂ ಪೂರ್ವನಿಗದಿತ ಮೌಲ್ಯ ಏನು ಎಂಬುದೆಲ್ಲ ಅಲ್ಲಿ ಟಿಪ್ಪಣಿಗಳೊಂದಿಗೆ ಇದೆ. ಆ ಕಡತವನ್ನು ಓದಬೇಕೇ ಹೊರತು ತಿದ್ದಬಾರದು. ನಿಮ್ಮ ಬದಲಾವಣೆಗಳು ‘/ಇಟಿಸಿ/ಆರ್‌ಸಿ.ಕಾನ್ಫ್’ನಲ್ಲಿ ಮಾತ್ರ ಇರಬೇಕು. ಅದನ್ನೂ ಸಂಪಾದಕದಲ್ಲಿ ತೆರೆಯುವ ಬದಲು ‘ಸಿಸ್‌ಆರ್‌ಸಿ’ ಆಜ್ಞೆಯ ಮೂಲಕ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ. ಆರ್‌ಸಿ.ಕಾನ್ಫ್ ಎಂಬುದು ಶೆಲ್ ನೇರವಾಗಿ ಓದುವ ಕಡತವಾದ್ದರಿಂದ, ಮುಚ್ಚದೆ ಬಿಟ್ಟ ಒಂದು ಉದ್ಧರಣ ಚಿಹ್ನೆಯೂ ಬೂಟ್ ಪ್ರಕ್ರಿಯೆಯನ್ನು ನಡುವೆಯೇ ನಿಲ್ಲಿಸಬಲ್ಲದು.

ಅಧಿಕೃತ ಕೈಪಿಡಿಯನ್ನು ಕಾದಂಬರಿಯಂತೆ ಓದಬೇಕಾಗಿಲ್ಲ. ಯುನಿಕ್ಸ್ ಮೂಲಾಂಶಗಳ ಅಧ್ಯಾಯ, ಪ್ಯಾಕೇಜುಗಳ ಅಧ್ಯಾಯ, ನವೀಕರಣದ ಅಧ್ಯಾಯ ಇವು ಮೂರು ಈಗ ಬೇಕು. ಉಳಿದವು ಅಗತ್ಯ ಬಂದಾಗ ಸಾಕು. ಅದಕ್ಕಿಂತ ಮುಖ್ಯವಾದದ್ದು ಯಂತ್ರದೊಳಗೇ ಇರುವ ಮ್ಯಾನ್ ಪುಟಗಳು: ಬಳಕೆದಾರರ ಆಜ್ಞೆಗಳು 1ನೇ ವಿಭಾಗದಲ್ಲಿ, ಕಡತಗಳ ಸ್ವರೂಪ 5ನೆಯದರಲ್ಲಿ, ನಿರ್ವಹಣೆಯ ಆಜ್ಞೆಗಳು 8ನೆಯದರಲ್ಲಿ ಇರುತ್ತವೆ. ಮೂಲ ವ್ಯವಸ್ಥೆಯ ಜೊತೆಗೇ ಈ ಪುಟಗಳೂ ಬಿಡುಗಡೆಯಾಗುವುದರಿಂದ, ಅವು ನಿಮ್ಮ ಮುಂದಿರುವ ಆವೃತ್ತಿಯನ್ನೇ ಕುರಿತು ಹೇಳುತ್ತವೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಲೇಖನಗಳಿಗೆ ಆ ಭರವಸೆ ಇಲ್ಲ. ಉದಾಹರಣೆಗೆ, 14.0 ಬಿಡುಗಡೆಯಿಂದ ರೂಟ್ ಬಳಕೆದಾರನ (ಎಲ್ಲ ಅಧಿಕಾರವಿರುವ ನಿರ್ವಾಹಕನ) ಶೆಲ್ ‘ಸಿಎಸ್‌ಎಚ್’ ಬದಲು ‘ಎಸ್‌ಎಚ್’ ಆಗಿದೆ. ಹಳೆಯ ಲೇಖನವನ್ನು ನಂಬಿ ಹೊರಟವರಿಗೆ ಅಲ್ಲಿ ಹೇಳಿದ ಆಜ್ಞೆಗಳು ಏಕೆ ನಡೆಯುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ.

ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರನ ಖಾತೆಯೊಂದನ್ನು ಸೃಷ್ಟಿಸಿ ‘ವೀಲ್’ ಗುಂಪಿಗೆ ಸೇರಿಸಿ. ಆ ಗುಂಪಿನಲ್ಲಿ ಇಲ್ಲದವರು ‘ಎಸ್‌ಯು’ ಆಜ್ಞೆಯ ಮೂಲಕ ರೂಟ್ ಆಗಲಾರರು.

ಇಬ್ಬನಿ:

ವರ್ಚುವಲ್ ಮಷೀನ್ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಮೊದಲ ಹಂತಕ್ಕೆ ಸಾಕು ಮಾತ್ರವಲ್ಲ, ಅದೇ ಮೇಲು. ವೈಫೈ ಚಿಪ್ ಗುರುತು ಸಿಗದಿರುವುದು, ಗ್ರಾಫಿಕ್ಸ್ ಚಾಲಕ ಹೊಂದದಿರುವುದು ಮುಂತಾದ ತೊಡಕುಗಳು ನಿಜವಾದ ಯಂತ್ರದಲ್ಲಿ ಎದುರಾದಾಗ ಹೊಸಬರ ಉತ್ಸಾಹವೆಲ್ಲ ಅವುಗಳಲ್ಲೇ ಸೋರಿಹೋಗುತ್ತದೆ. ವ್ಯವಸ್ಥೆ ಕೈವಶವಾದ ಮೇಲೆ ನಿಜವಾದ ಯಂತ್ರಕ್ಕೆ ಬನ್ನಿ. ಆಗ ‘ಪಿಸಿಐಕಾನ್ಫ್ -ಎಲ್‌ವಿ’ ಮತ್ತು ‘ಡಿಮೆಸೇಜ್’ ನೀಡುವ ಮಾಹಿತಿಯನ್ನು ಓದಿ, ಯಾವ ಸಾಧನಕ್ಕೆ ಯಾವ ಚಾಲಕ ಅಂಟಿಕೊಂಡಿದೆ ಎಂದು ನೀವೇ ಪತ್ತೆ ಹಚ್ಚಬಲ್ಲಿರಿ.

ಝಡ್‌ಎಫ್‌ಎಸ್ ಆರಿಸಿದ್ದು ಒಳ್ಳೆಯದಾಯಿತು. ಸ್ಮೃತಿ ತೀರ ಕಡಿಮೆಯಿರುವ ಹಳೆಯ ಯಂತ್ರವಾದರೆ ಯುಎಫ್‌ಎಸ್ ಹಗುರ; ಉಳಿದೆಡೆ ಕಲಿಯುವವರಿಗೆ ಝಡ್‌ಎಫ್‌ಎಸ್ ಕೊಡುವ ಧೈರ್ಯ ಬಹಳ ದೊಡ್ಡದು. ವರ್ಚುವಲ್ ಮಷೀನಿಗೆ ಎರಡನೆಯ ಡಿಸ್ಕ್ ಒಂದನ್ನು ಸೇರಿಸಿ, ‘ಝಡ್‌ಪೂಲ್ ಅಟ್ಯಾಚ್’ ಬಳಸಿ ಒಂದೇ ಮಾಹಿತಿಯನ್ನು ಎರಡರಲ್ಲೂ ಇಡುವ ಕನ್ನಡಿ ಜೋಡಿಯನ್ನಾಗಿ ಮಾಡಿ, ‘ಝಡ್‌ಪೂಲ್ ಸ್ಟೇಟಸ್’ ಏನು ಹೇಳುತ್ತದೆಂದು ನೋಡಿ. ಬಳಿಕ ಯಂತ್ರವನ್ನು ನಿಲ್ಲಿಸಿ, ಮೊದಲ ಡಿಸ್ಕನ್ನು ಕಿತ್ತು, ಎರಡನೆಯದರಿಂದಲೇ ಬೂಟ್ ಮಾಡಲು ಪ್ರಯತ್ನಿಸಿ. ಬಹುಶಃ ಅದು ಬೂಟ್ ಆಗುವುದಿಲ್ಲ; ಏಕೆ ಆಗುವುದಿಲ್ಲ ಎಂಬುದೇ ಈ ಅಭ್ಯಾಸದ ಪಾಠ. ಝಡ್‌ಎಫ್‌ಎಸ್ ನಕಲು ಮಾಡುವುದು ತನ್ನ ಪೂಲ್‌ಗೆ (ಡಿಸ್ಕ್‌ಗಳನ್ನು ಕೂಡಿಸಿ ಅದು ಕಟ್ಟುವ ಸಂಗ್ರಹಕ್ಕೆ) ಸೇರಿದ ಭಾಗವನ್ನು ಮಾತ್ರ. ವ್ಯವಸ್ಥೆಯನ್ನು ಎಬ್ಬಿಸುವ ಬೂಟ್ ಲೋಡರ್ ಇರುವ ಇಎಫ್‌ಐ ವಿಭಾಗ ಪೂಲ್‌ನ ಹೊರಗಿದೆ. ಎರಡನೆಯ ಡಿಸ್ಕ್‌ನಲ್ಲಿ ಅದನ್ನು ನೀವೇ ಕೈಯಾರೆ ರಚಿಸಿ, ಲೋಡರ್ ಕಡತವನ್ನು ಅಲ್ಲಿಗೆ ನಕಲು ಮಾಡಬೇಕು. ಸರ್ವರಿನ ಡಿಸ್ಕ್ ಕೆಟ್ಟ ರಾತ್ರಿಯಲ್ಲಿ ಇದನ್ನು ಮೊದಲ ಬಾರಿಗೆ ತಿಳಿಯುವಂತಾಗಬಾರದು.

ಶೋಧಕ:

ಇಬ್ಬರಿಗೂ ಕೃತಜ್ಞತೆಗಳು. ‘ಮ್ಯಾನ್ ಹೈಯರ್’ ಪುಟವನ್ನು ಓದಿದ ಮೇಲೆ ಡೈರೆಕ್ಟರಿಗಳ ವಿನ್ಯಾಸದ ಹಿಂದಿರುವ ತರ್ಕ ಸ್ಪಷ್ಟವಾಯಿತು. ಕನ್ನಡಿ ಡಿಸ್ಕ್‌ನ ಅಭ್ಯಾಸವನ್ನೂ ಮಾಡಿದೆ, ಇಬ್ಬನಿ ಅವರು ಹೇಳಿದಂತೆಯೇ ಎರಡನೆಯ ಡಿಸ್ಕ್ ಬೂಟ್ ಆಗಲಿಲ್ಲ. ಈಗ ಇನ್ನೊಂದು ಸಂದೇಹ ಮೂಡಿದೆ. ನವೀಕರಣ ಮಾಡಿದ ಮೇಲೆ ವ್ಯವಸ್ಥೆ ಕೆಟ್ಟರೆ ‘ಬೂಟ್ ಎನ್ವಿರಾನ್‌ಮೆಂಟ್’ (ಬೂಟ್ ಮಾಡಬಲ್ಲ ವ್ಯವಸ್ಥೆಯ ಪ್ರತಿ) ಮೂಲಕ ಹಿಂದಿನ ಸ್ಥಿತಿಗೆ ಮರಳಬಹುದು ಎಂದು ಹಲವೆಡೆ ಓದಿದೆ. ಹಾಗೆ ಮರಳಿದಾಗ ನಡುವಿನ ಅವಧಿಯಲ್ಲಿ ಬಳಕೆದಾರರು ಉಳಿಸಿದ ಕಡತಗಳ ಗತಿ ಏನು?

ಸುರಗಿ:

ಈ ಪ್ರಶ್ನೆಯನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು; ಇದಕ್ಕೆ ಉತ್ತರ ತಿಳಿಯದೆ ಬೂಟ್ ಎನ್ವಿರಾನ್‌ಮೆಂಟ್ ಬಳಸುವುದು ಅಪಾಯಕರ.

ಸ್ಥಾಪನೆಯ ಕಾರ್ಯಕ್ರಮ ತಾನಾಗಿಯೇ ರಚಿಸುವ ಝಡ್‌ಎಫ್‌ಎಸ್ ವಿನ್ಯಾಸದಲ್ಲಿ, ಮೂಲ ವ್ಯವಸ್ಥೆ ‘ಝಡ್‌ರೂಟ್/ರೂಟ್/ಡೀಫಾಲ್ಟ್’ ಎಂಬ ಡೇಟಾಸೆಟ್‌ನಲ್ಲಿ (ಪೂಲ್‌ನೊಳಗಿನ ಪ್ರತ್ಯೇಕ ಕಡತ ವ್ಯವಸ್ಥೆಯಲ್ಲಿ) ಇರುತ್ತದೆ. ಬಳಕೆದಾರರ ಮನೆ ಡೈರೆಕ್ಟರಿಗಳು, ‘/ವಾರ್/ಲಾಗ್’, ‘/ವಾರ್/ಮೇಲ್’ ಮುಂತಾದವು ಪ್ರತ್ಯೇಕ ಡೇಟಾಸೆಟ್‌ಗಳಲ್ಲಿ ಇರುತ್ತವೆ. ಬೂಟ್ ಎನ್ವಿರಾನ್‌ಮೆಂಟ್ ರಚಿಸುವ ‘ಬಿಇಸಿಟಿಎಲ್ ಕ್ರಿಯೇಟ್’ ಆಜ್ಞೆ ನೀಡಿದಾಗ ನಕಲಾಗುವುದು ಮೊದಲನೆಯದು ಮಾತ್ರ. ಆದ್ದರಿಂದ ಹಿಂದಿನ ಸ್ಥಿತಿಗೆ ಮರಳಿದರೂ ಬಳಕೆದಾರರ ಕಡತಗಳು, ಲಾಗ್‌ಗಳು ಇದ್ದಂತೆಯೇ ಉಳಿಯುತ್ತವೆ. ಲಾಗ್ ಉಳಿಯುವುದು ವಿಶೇಷವಾಗಿ ಉಪಯುಕ್ತ. ಕೆಟ್ಟದ್ದು ಏಕೆಂದು ಮರಳಿದ ಮೇಲೂ ಓದಬಹುದು.

ಆದರೆ ಹೆಸರನ್ನು ನೋಡಿ ಮೋಸಹೋಗಬಾರದ ಜಾಗವೊಂದಿದೆ. ‘ಝಡ್‌ರೂಟ್/ವಾರ್’ ಮತ್ತು ‘ಝಡ್‌ರೂಟ್/ಯುಎಸ್‌ಆರ್’ ಎಂಬ ಡೇಟಾಸೆಟ್‌ಗಳು ಪಟ್ಟಿಯಲ್ಲಿ ಕಂಡರೂ, ಅವುಗಳ ‘ಕ್ಯಾನ್‌ಮೌಂಟ್’ ಗುಣವನ್ನು ‘ಆಫ್’ ಎಂದು ಇರಿಸಲಾಗಿದೆ. ಅವು ತಮ್ಮ ಕೆಳಗಿನ ಡೇಟಾಸೆಟ್‌ಗಳಿಗೆ ಹೆಸರು ಒದಗಿಸುತ್ತವೆ, ತಾವು ಮೌಂಟ್ ಆಗುವುದಿಲ್ಲ (ಡೈರೆಕ್ಟರಿಯಾಗಿ ಜೋಡಣೆಯಾಗುವುದಿಲ್ಲ). ಇದರ ಫಲವಾಗಿ ‘/ಯುಎಸ್‌ಆರ್/ಲೋಕಲ್’ ಮತ್ತು ‘/ವಾರ್/ಡಿಬಿ’ ಎರಡೂ ಬೂಟ್ ಎನ್ವಿರಾನ್‌ಮೆಂಟ್‌ನ ಒಳಗೇ ಸೇರುತ್ತವೆ. ಇದು ಬೇಕೆಂದೇ ಮಾಡಿದ ಏರ್ಪಾಡು: ಸ್ಥಾಪಿತ ಪ್ಯಾಕೇಜುಗಳು ಮೊದಲನೆಯದರಲ್ಲಿ, ಅವುಗಳ ದಾಖಲೆ ಎರಡನೆಯದರಲ್ಲಿ ಇರುವುದರಿಂದ, ಹಿಂದಕ್ಕೆ ಹೋದಾಗ ಎರಡೂ ಒಟ್ಟಿಗೆ ಹೋಗಿ ತಾಳೆಯಾಗುತ್ತವೆ. ಆದರೆ ಪೋಸ್ಟ್‌ಗ್ರೆಸ್‌ನಂತಹ ಡೇಟಾಬೇಸ್‌ಗಳೂ ತಮ್ಮ ಮಾಹಿತಿಯನ್ನು ಇಡುವುದು ‘/ವಾರ್/ಡಿಬಿ’ಯಲ್ಲೇ. ಅದಕ್ಕೆ ಪ್ರತ್ಯೇಕ ಡೇಟಾಸೆಟ್ ಮಾಡದೆ ಬಿಟ್ಟರೆ, ಹಳೆಯ ಸ್ಥಿತಿಗೆ ಮರಳಿದಾಗ ಡೇಟಾಬೇಸ್ ಕೂಡ ಹಳೆಯದೇ ಆಗಿ ಎದುರು ನಿಲ್ಲುತ್ತದೆ. ಆದ್ದರಿಂದ ಡೇಟಾಬೇಸ್ ಸ್ಥಾಪಿಸುವ ಮೊದಲೇ ‘ಝಡ್‌ಎಫ್‌ಎಸ್ ಕ್ರಿಯೇಟ್’ ಮೂಲಕ ಅದಕ್ಕೊಂದು ಡೇಟಾಸೆಟ್ ರಚಿಸಿ, ಸರಿಯಾದ ಜಾಗದಲ್ಲಿ ಮೌಂಟ್ ಮಾಡಿಡಿ.

ದುರಸ್ತಿಯನ್ನು ಕಲಿಯಬೇಕಾದರೆ ಬೇಕೆಂದೇ ಕೆಡಿಸಿ ನೋಡುವುದೇ ದಾರಿ. ಮೂಲಪಾಠ ಅವರು ಹೇಳಿದ ಉದ್ಧರಣ ಚಿಹ್ನೆಯ ದೋಷವನ್ನೇ ಆರ್‌ಸಿ.ಕಾನ್ಫ್‌ನಲ್ಲಿ ಸೇರಿಸಿ ಮರುಚಾಲನೆ ಮಾಡಿ. ಬೂಟ್ ನಡುವೆ ನಿಂತು, ಶೆಲ್‌ನ ಹಾದಿಯನ್ನು ಕೇಳುತ್ತದೆ. ಎಂಟರ್ ಒತ್ತಿದರೆ ಏಕಬಳಕೆದಾರ ಸ್ಥಿತಿ ಸಿಗುತ್ತದೆ. ಅಲ್ಲಿ ಮೂಲ ಕಡತ ವ್ಯವಸ್ಥೆಯನ್ನು ಓದಬಹುದಷ್ಟೇ, ಬರೆಯಲಾಗದು ಎಂದು ಕಂಡರೆ ‘ಮೌಂಟ್ -ಯು /’ ಎಂದು ಬರೆಯಲು ತೆರೆದುಕೊಳ್ಳಿ, ಉಳಿದ ಡೇಟಾಸೆಟ್‌ಗಳಿಗಾಗಿ ‘ಝಡ್‌ಎಫ್‌ಎಸ್ ಮೌಂಟ್ -ಎ’ ನೀಡಿ, ಕಡತವನ್ನು ಸರಿಪಡಿಸಿ. ರೂಟ್ ಪಾಸ್‌ವರ್ಡ್ ಮರೆತಾಗಲೂ ಇದೇ ದಾರಿ. ಈ ಸ್ಥಿತಿಗೆ ಯಂತ್ರದ ಮುಂದೆ ಕುಳಿತ ಯಾರು ಬೇಕಾದರೂ ಬರಬಹುದೆಂಬ ಅಳುಕಿದ್ದರೆ, ‘/ಇಟಿಸಿ/ಟಿಟಿವೈಸ್’ ಕಡತದಲ್ಲಿ ಕನ್ಸೋಲನ್ನು ‘ಇನ್‌ಸೆಕ್ಯೂರ್’ ಎಂದು ಗುರುತಿಸಿ. ಆಗ ಇಲ್ಲಿಯೂ ಪಾಸ್‌ವರ್ಡ್ ಕೇಳುತ್ತದೆ. ಆಜ್ಞೆಗಳು ಹಂಚಿಕೊಳ್ಳುವ ಲೈಬ್ರರಿಗಳೇ ಹಾಳಾಗಿ ಸಾಮಾನ್ಯ ಆಜ್ಞೆಗಳು ನಡೆಯದಿದ್ದರೆ, ಯಾವ ಲೈಬ್ರರಿಯ ಆಸರೆಯೂ ಬೇಡದಂತೆ ಕಟ್ಟಿದ ಆಜ್ಞೆಗಳು ‘/ರೆಸ್ಕ್ಯೂ’ ಡೈರೆಕ್ಟರಿಯಲ್ಲಿ ಸಿದ್ಧವಾಗಿರುತ್ತವೆ. ಇಂತಹ ಮುಂದಾಲೋಚನೆಯನ್ನು ಕಂಡಾಗಲೆಲ್ಲ ಈ ವ್ಯವಸ್ಥೆಯನ್ನು ಕಟ್ಟಿದವರ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ.

ಶೋಧಕ:

ಸುರಗಿ ಅವರೇ, ಕ್ಯಾನ್‌ಮೌಂಟ್ ವಿಷಯ ನನ್ನ ಗಮನಕ್ಕೆ ಬಂದೇ ಇರಲಿಲ್ಲ, ತಿಳಿಸಿಕೊಟ್ಟಿದ್ದಕ್ಕೆ ಧನ್ಯವಾದಗಳು. ಕೊನೆಯದಾಗಿ ಒಂದು ಪ್ರಶ್ನೆ: ಮೂಲ ವ್ಯವಸ್ಥೆಯನ್ನೂ ಪ್ಯಾಕೇಜುಗಳನ್ನೂ ಬೇರೆ ಬೇರೆಯಾಗಿ ನವೀಕರಿಸಬೇಕೇ? ಹಾಗಿದ್ದರೆ ಯಾವುದನ್ನು ಮೊದಲು ಮಾಡಬೇಕು?

ಮೂಲಪಾಠ:

ಬೇರೆ ಬೇರೆಯಾಗಿಯೇ ಮಾಡಬೇಕು. ಸಾಂಪ್ರದಾಯಿಕ ರೀತಿಯಲ್ಲಿ ಸ್ಥಾಪಿಸಿದ್ದರೆ ಮೂಲ ವ್ಯವಸ್ಥೆಗೆ ‘ಫ್ರೀಬಿಎಸ್‌ಡಿ-ಅಪ್‌ಡೇಟ್ ಫೆಚ್’, ಬಳಿಕ ‘ಫ್ರೀಬಿಎಸ್‌ಡಿ-ಅಪ್‌ಡೇಟ್ ಇನ್‌ಸ್ಟಾಲ್’. ಹೊರಗಿನ ಪ್ಯಾಕೇಜುಗಳಿಗೆ ‘ಪಿಕೆಜಿ ಅಪ್‌ಗ್ರೇಡ್’. 15.0 ಬಿಡುಗಡೆಯಿಂದ ಮೂಲ ವ್ಯವಸ್ಥೆಯನ್ನೂ ಪ್ಯಾಕೇಜುಗಳ ರೂಪದಲ್ಲಿ ಸ್ಥಾಪಿಸುವ ಆಯ್ಕೆ ಬಂದಿದೆ. ನೀವು ಅದನ್ನು ಆರಿಸಿದ್ದರೆ ಫ್ರೀಬಿಎಸ್‌ಡಿ-ಅಪ್‌ಡೇಟ್ ಬಳಸುವಂತಿಲ್ಲ, ಆ ಕೆಲಸವೂ ಪಿಕೆಜಿಯದೇ. ಯಾವ ಕ್ರಮವೇ ಇರಲಿ, ಮೊದಲು ಬೂಟ್ ಎನ್ವಿರಾನ್‌ಮೆಂಟ್ ಒಂದನ್ನು ರಚಿಸಿ, ಅದಕ್ಕೆ ದಿನಾಂಕವಿರುವ ಹೆಸರನ್ನು ಕೊಡಿ.

ಒಂದು ಪ್ರಧಾನ ಆವೃತ್ತಿಯಿಂದ ಮುಂದಿನ ಪ್ರಧಾನ ಆವೃತ್ತಿಗೆ ಹೋಗುವಾಗ ಮೂಲ ವ್ಯವಸ್ಥೆ ಮೊದಲು. ಹೊಸ ಕರ್ನಲ್‌ನಿಂದ ಬೂಟ್ ಆದ ಮೇಲೆ ಎಲ್ಲ ಪ್ಯಾಕೇಜುಗಳನ್ನೂ ಹೊಸ ಆವೃತ್ತಿಗಾಗಿ ಕಟ್ಟಿದವುಗಳಿಂದ ಬದಲಿಸಿ, ಅನಂತರವೇ ಹಳೆಯ ಲೈಬ್ರರಿಗಳನ್ನು ತೆಗೆದುಹಾಕುವ ಕೊನೆಯ ಹಂತಕ್ಕೆ ಹೋಗಬೇಕು. ಗ್ರಾಫಿಕ್ಸ್ ಚಾಲಕದಂತಹ ಕರ್ನಲ್ ಮಾಡ್ಯೂಲ್‌ಗಳನ್ನು ಪ್ಯಾಕೇಜ್ ರೂಪದಲ್ಲಿ ಬಳಸುತ್ತಿದ್ದರೆ ಅವುಗಳ ಮೇಲೆ ವಿಶೇಷ ಗಮನವಿರಲಿ. ಬೇರೊಂದು ಕರ್ನಲ್‌ಗಾಗಿ ಕಟ್ಟಿದ ಮಾಡ್ಯೂಲ್ ಬೂಟ್ ವೇಳೆಯಲ್ಲೇ ಯಂತ್ರವನ್ನು ಬೀಳಿಸಬಹುದು.

ಪಿಕೆಜಿ ಪೂರ್ವನಿಗದಿಯಾಗಿ ತ್ರೈಮಾಸಿಕ ಶಾಖೆಯಿಂದ (ಮೂರು ತಿಂಗಳಿಗೊಮ್ಮೆ ಹೊಸದಾಗಿ ಕವಲೊಡೆಯುವ ಸಂಗ್ರಹದಿಂದ) ಪ್ಯಾಕೇಜುಗಳನ್ನು ತರುತ್ತದೆ. ಸರ್ವರಿಗೆ ಅದೇ ಇರಲಿ. ಸ್ಥಾಪಿತ ಪ್ಯಾಕೇಜುಗಳಲ್ಲಿ ಬಹಿರಂಗವಾಗಿರುವ ಭದ್ರತಾ ದೋಷಗಳ ಪಟ್ಟಿ ‘ಪಿಕೆಜಿ ಆಡಿಟ್ -ಎಫ್’ ನೀಡಿದರೆ ಸಿಗುತ್ತದೆ. ಆಜ್ಞೆಯ ಕೊನೆಯ ಅಕ್ಷರವನ್ನು ದೊಡ್ಡಕ್ಷರದಲ್ಲಿ ಟೈಪಿಸಬೇಕು. ವ್ಯವಸ್ಥೆ ಪ್ರತಿದಿನ ರೂಟ್ ಹೆಸರಿಗೆ ಕಳುಹಿಸುವ ಭದ್ರತಾ ವರದಿಯನ್ನು, ‘/ಇಟಿಸಿ/ಮೇಲ್/ಏಲಿಯಾಸಸ್’ ಕಡತದ ಮೂಲಕ ನೀವು ನಿಜವಾಗಿ ಓದುವ ಖಾತೆಗೆ ತಿರುಗಿಸಿಕೊಳ್ಳಿ. ಯಾರೂ ತೆರೆಯದ ರೂಟ್ ಅಂಚೆಪೆಟ್ಟಿಗೆಯಲ್ಲಿ, ವಿಫಲವಾದ ಲಾಗಿನ್‌ಗಳ ಸುದ್ದಿ ತಿಂಗಳುಗಟ್ಟಲೆ ಬಿದ್ದಿರುವ ಸರ್ವರುಗಳು ಬಹಳ ಇವೆ.

ಇಬ್ಬನಿ:

ಮೂಲಪಾಠ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕನ್ನಡಿ ಡಿಸ್ಕ್, ಸ್ನ್ಯಾಪ್‌ಶಾಟ್ (ಡೇಟಾಸೆಟ್‌ನ ಒಂದು ಕ್ಷಣದ ಸ್ಥಿತಿಯ ದಾಖಲೆ), ಬೂಟ್ ಎನ್ವಿರಾನ್‌ಮೆಂಟ್ ಇವು ಯಾವುವೂ ಬ್ಯಾಕಪ್ ಅಲ್ಲ. ಎಲ್ಲವೂ ಅದೇ ಪೂಲ್‌ನಲ್ಲಿ ಇರುವುದರಿಂದ ಪೂಲ್ ಹೋದರೆ ಎಲ್ಲವೂ ಹೋಗುತ್ತವೆ. ಎರಡನೆಯ ವರ್ಚುವಲ್ ಮಷೀನ್ ಒಂದನ್ನು ರಚಿಸಿ, ‘ಝಡ್‌ಎಫ್‌ಎಸ್ ಸೆಂಡ್’ನ ಫಲಿತವನ್ನು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಅಲ್ಲಿನ ‘ಝಡ್‌ಎಫ್‌ಎಸ್ ರಿಸೀವ್’ಗೆ ಹರಿಸಿ ನೋಡಿ. ಮೊದಲ ಬಾರಿ ಪೂರ್ಣ ಪ್ರತಿ ಹೋಗುತ್ತದೆ. ಮುಂದೆ ‘-ಐ’ ಸೂಚಿಯೊಂದಿಗೆ ಎರಡು ಸ್ನ್ಯಾಪ್‌ಶಾಟ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಕಳುಹಿಸಬಹುದು. ಆಮೇಲೆ ಮೊದಲ ಯಂತ್ರವನ್ನು ಸಂಪೂರ್ಣವಾಗಿ ಅಳಿಸಿ, ಆ ಪ್ರತಿಯಿಂದ ಮತ್ತೆ ಕಟ್ಟಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿಗೆ ಬಂದು ಇಲ್ಲಿಯೇ ಕೇಳಿ.