ಪದಚರ್ಚೆ: ಪೋಕರ್‌ನ ‘ಸ್ಟ್ಯಾಕ್’ಗೆ ‘ಗಂಟು’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳದಲ್ಲಿ ನಾವು ಕೆಲವರು ಸೇರಿ ಕಾಲೇಜು ಹುಡುಗ ಹುಡುಗಿಯರಿಗಾಗಿ ಸಂಭವನೀಯತೆಯ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಒಂದು ಪಾಠ ಪೋಕರ್ ಎಂಬ ಇಸ್ಪೀಟು ಆಟದ ಟೂರ್ನಮೆಂಟ್ ಬಗ್ಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ನಮಗೆ ಬೇಕಿರುವುದು ಅದರೊಳಗಿನ ಲೆಕ್ಕ ಮಾತ್ರ. ಆಟಗಾರನ ಮುಂದಿರುವ ಬಿಲ್ಲೆಗಳ ಒಟ್ಟು ಮೊತ್ತಕ್ಕೆ ‘ಸ್ಟ್ಯಾಕ್’ ಅನ್ನುತ್ತಾರೆ. ಇದಕ್ಕೆ ಕನ್ನಡದ್ದೇ ಪದ ಬೇಕು.

ಮೊದಲು ಹೊಳೆದದ್ದು ‘ರಾಶಿ’. ಆದರೆ ನಮ್ಮ ಕಡೆ ರಾಶಿ ಅಂದರೆ ಸುಗ್ಗಿ ಕೆಲಸ. ‘ಜೋಳದ ರಾಶಿ ಆಯ್ತೇನ್ರಿ?’ ಅಂತ ಕೇಳುತ್ತಾರೆ. ‘ಅಸಲು’ ಅಂದರೆ ಶುರುವಿನಲ್ಲಿ ಹಾಕಿದ್ದು. ಸ್ಟ್ಯಾಕ್ ಪ್ರತಿ ಸಲ ಎಲೆ ಹಂಚಿದಾಗಲೂ ಬದಲಾಗುತ್ತದೆ. ನನಗೆ ಹಿಡಿಸಿದ್ದು ‘ಗಂಟು’. ಕೈಗಂಟು, ಇಡುಗಂಟು ಎಲ್ಲರಿಗೂ ಗೊತ್ತು. ಗಂಟು ಬೆಳೆಯುತ್ತದೆ, ಕರಗುತ್ತದೆ.

ಕರಗುವುದೇ ಇಲ್ಲಿ ಮುಖ್ಯ. ಪೋಕರ್‌ನಲ್ಲಿ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಪಣ ಕಟ್ಟಲೇಬೇಕು, ಒಬ್ಬರು ಸಣ್ಣದು, ಒಬ್ಬರು ದೊಡ್ಡದು. ಇದಕ್ಕೆ ಬ್ಲೈಂಡ್ ಅಂತ ಹೆಸರು. ಟೂರ್ನಮೆಂಟ್‌ನಲ್ಲಿ ನಿಗದಿಯಾದ ಹೊತ್ತಿಗೊಮ್ಮೆ ಇದು ಏರುತ್ತದೆ. ನಿಮ್ಮ ಗಂಟು 20,000 ಅನ್ನಿ. ದೊಡ್ಡ ಬ್ಲೈಂಡ್ 200 ಇದ್ದಾಗ ಅದು 100 ಪಟ್ಟು. 2,000 ಆದಾಗ ಬರೀ 10 ಪಟ್ಟು. ಒಂದು ಬಿಲ್ಲೆಯನ್ನೂ ಸೋತಿಲ್ಲ, ಆದರೂ ಗಂಟು ಸಣ್ಣದಾಯಿತು ಅಲ್ವಾ?

ಆಗ ನಿರ್ಧಾರವೂ ಬದಲಾಗುತ್ತದೆ. ನಿಮ್ಮ ಕೈಗೆ ಬಂದ ಎರಡೂ ಎಲೆ ಐದೇ ಅನ್ನಿ. ಮೇಜಿನ ಮೇಲೆ ಮೊದಲು ಬಿಚ್ಚುವ ಮೂರು ಎಲೆಗಳಲ್ಲಿ ಇನ್ನೊಂದು ಐದು ಬರುವ ಸಾಧ್ಯತೆ ಸುಮಾರು 12%. ನಿಮ್ಮ ಹತ್ತಿರವೂ ಎದುರಾಳಿಯ ಹತ್ತಿರವೂ 100 ಪಟ್ಟು ಇದ್ದರೆ ಸ್ವಲ್ಪ ಕೊಟ್ಟು ಆ ಮೂರು ಎಲೆ ನೋಡಬಹುದು. ಬಂದರೆ ಜಾಸ್ತಿ ಗೆಲ್ಲಬಹುದು. 10 ಪಟ್ಟು ಇದ್ದಾಗ ಆ ಲೆಕ್ಕ ಕೂಡಿಬರುವುದಿಲ್ಲ. ಸಾಮಾನ್ಯವಾಗಿ ಇಡೀ ಗಂಟು ಮುಂದಿಡಬೇಕು, ಇಲ್ಲವೇ ಎಲೆ ಬಿಡಬೇಕು. ಮುಂದಿಟ್ಟಾಗ ಉಳಿದವರೆಲ್ಲ ಹಿಂದೆ ಸರಿದರೆ ಎರಡೂ ಬ್ಲೈಂಡ್ (1,000 ಮತ್ತು 2,000) ಸೇರಿ 3,000 ನಿಮ್ಮದು. 20,000ದ ಗಂಟಿಗೆ ಅದು 15% ಏರಿಕೆ, ಸಣ್ಣ ಮಾತಲ್ಲ.

ಇನ್ನೊಂದು ಪರಿಕಲ್ಪನೆಗೂ ಪದ ಬೇಕು. ಎದುರಾಳಿಯ ಹತ್ತಿರ 8 ಪಟ್ಟು ಮಾತ್ರ ಇದ್ದರೆ, ನಿಮ್ಮ 100 ಪಟ್ಟಿನಲ್ಲಿ ಅವನೆದುರು ಕೆಲಸಕ್ಕೆ ಬರುವುದು ಆ 8 ಮಾತ್ರ. ಸಲ್ಲುವ ನಾಣ್ಯ ಅನ್ನುತ್ತೇವಲ್ಲ, ಹಾಗೆ ಇದನ್ನು ‘ಸಲ್ಲುವ ಗಂಟು’ ಅಂತ ಬರೆದಿದ್ದೇನೆ. ಈ ಪದದ ಬಗ್ಗೆ ನನಗೆ ತುಂಬಾ ಪ್ರೀತಿ.

ತೊಡಕಿರುವುದು ‘ಬ್ಲೈಂಡ್’ನಲ್ಲಿ. ಮೂರೆಲೆ ಆಟ ಗೊತ್ತಿರುವವರಿಗೆ ಬ್ಲೈಂಡ್ ಅಂದರೆ ತನ್ನ ಎಲೆ ನೋಡದೆ ಆಡುವುದು. ಅದು ಆಡುವವನ ಇಷ್ಟ. ಪೋಕರ್‌ನದು ಕಡ್ಡಾಯ. ‘ಕಡ್ಡಾಯ ಪಣ’ ಅನ್ನೋಣವೆಂದರೆ ‘ಆಂಟಿ’ ಅನ್ನುವ, ಸಾಮಾನ್ಯವಾಗಿ ಎಲ್ಲರೂ ಕಟ್ಟುವ ಇನ್ನೊಂದು ಪಣವೂ ಕಡ್ಡಾಯವೇ. ಹಾಗಾಗಿ ಬ್ಲೈಂಡ್‌ಗೆ ‘ಸರದಿ ಪಣ’ ಅಂದರೆ ಹೇಗಿರುತ್ತದೆ?

ಬಳ್ಳಾರಿ, ರಾಯಚೂರಿನವರು ದಯವಿಟ್ಟು ತಿಳಿಸಿ: ಇಸ್ಪೀಟು ಆಡುವವರು ತಮ್ಮ ಮುಂದೆ ಉಳಿದ ದುಡ್ಡಿಗೆ ಏನನ್ನುತ್ತಾರೆ? ಅದು ಸಣ್ಣದಾದಾಗ ಹೇಳುವ ಬೇರೆ ಮಾತೇನಾದರೂ ಇದೆಯೇ?